ಹಲ್ಲು ಬರುವ ಮಗುವಿನ ಕೈಗೆ ಯಾವ ಆಟಿಕೆ ಕೊಡಬೇಕು?

ಮೊಮ್ಮಗನಿಗೆ ಐದು ತಿಂಗಳಾದಾಗ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಅಮ್ಮ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೋತಾನೆ. ಏನ್ ಆಟದ ಸಾಮಾನು ಕೊಡ್ಲಿ?" ಅಂದಳು. "ಪ್ಲಾಸ್ಟಿಕ್ ಬೇಡ, ಮರದ್ದು ಕೊಡು" ಅಂದು ಫೋನ್ ಇಟ್ಟೆ. ನಾನು ಮದ್ದೂರಿನ ಕಡೆಯ ಒಂದು ಹಳ್ಳಿಯಲ್ಲಿ 19 ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಆಟಿಕೆ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತಲೇ ಅಂದುಕೊಂಡಿದ್ದೆ.

ಎರಡು ತಿಂಗಳ ಮೇಲೆ ಮಗಳು ಮಗುವನ್ನು ಕರೆದುಕೊಂಡು ಊರಿಗೆ ಬಂದಳು. ಜಾತ್ರೆಯಲ್ಲಿ ಒಂದು ಪುಟ್ಟ ಸೋರೆ ಬುರುಡೆಯ ಗಿಲಕಿ ಕಣ್ಣಿಗೆ ಬಿತ್ತು. ಬಣ್ಣ ಇಲ್ಲ, ಪ್ಲಾಸ್ಟಿಕ್ ಇಲ್ಲ, ಬಿದಿರಿನ ಹಿಡಿ. ಇನ್ನೇನು ಬೇಕು ಅಂತ ತಂದುಕೊಟ್ಟೆ. ಮಗು ನಾಲ್ಕು ದಿನ ಅಲ್ಲಾಡಿಸಿತು, ನೆಲಕ್ಕೆ ಬಡಿಯಿತು. ಐದನೇ ದಿನ ಬುರುಡೆ ಅಂಟಿಸಿದ ಕಡೆಯಿಂದ ಬಿರುಕು ಬಿಟ್ಟು ಒಳಗಿನ ಕಾಳು ಚಾಪೆಯ ಮೇಲೆಲ್ಲ ಚೆಲ್ಲಿತು. ಕೆಂಪು ಮೈ, ಕಪ್ಪು ಮೂತಿ. ಗುಲಗಂಜಿ! ಒಂದು ಕಾಳು ಆಗಲೇ ಅವನ ಮುಷ್ಟಿಯಲ್ಲಿತ್ತು. ಬಾಯಿಗೆ ಹೋಗುವಷ್ಟರಲ್ಲಿ ಕೈ ಹಿಡಿದುಕೊಂಡೆ. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸುವಾಗ ನನ್ನ ಕೈ ನಡುಗುತ್ತಿತ್ತು.

ಗುಲಗಂಜಿ ವಿಷ. ಸಿಪ್ಪೆ ಗಟ್ಟಿ ಇರುವುದರಿಂದ ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೇ ಹೊರಗೆ ಹೋಗುತ್ತದೆ. ಕಚ್ಚಿದ್ದರೆ, ಒಡೆದಿದ್ದರೆ, ತೂತು ಕೊರೆದಿದ್ದರೆ ಪ್ರಾಣಕ್ಕೇ ಕುತ್ತು. ಇಡಿಯಾಗಿ ನುಂಗಿದ್ದರೂ ಮನೆಯಲ್ಲಿ ಕಾಯುತ್ತಾ ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ಹರಳು ಬೀಜ, ದತ್ತೂರಿ ಬೀಜವೂ ವಿಷವೇ. ಇವೂ ಗಿಡದಲ್ಲೇ ಬೆಳೆಯುವಂಥವು, ಅಲ್ವಾ?

ಅವತ್ತಿನಿಂದ ನಾನು "ಮರದ್ದು ಕೊಡು" ಅಂತ ಸುಮ್ನೆ ಹೇಳುವುದನ್ನು ಬಿಟ್ಟೆ. ಈಗಲೂ ಮರ, ಬಟ್ಟೆ, ಮಣ್ಣಿನ ಪರವೇ ಇದ್ದೇನೆ, ಮೊದಲಿಗಿಂತ ಜಾಸ್ತಿಯೇ ಇದ್ದೇನೆ. ಆದರೆ ಯಾವ ಆಟಿಕೆಯೇ ಆಗಲಿ, ನನ್ನ ಕೈಯಲ್ಲಿ ಪರೀಕ್ಷೆ ಆದಮೇಲೇ ಮಗುವಿನ ಕೈಗೆ. ಆ ಪರೀಕ್ಷೆ ಹೇಗೆ ಮಾಡುವುದು ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಅಳತೆ

ಒಂದು ದಪ್ಪ ಕಾಗದ ತೆಗೆದುಕೊಳ್ಳಿ. ಹಳೆಯ ಮದುವೆ ಕಾರ್ಡ್ ಆದರೆ ಒಳ್ಳೆಯದು. 11 ಸೆಂ.ಮೀ. ಉದ್ದ, 5.5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಉದ್ದದ ಎರಡು ತುದಿಗಳನ್ನು 1 ಸೆಂ.ಮೀ. ಒಂದರ ಮೇಲೊಂದು ಬರುವ ಹಾಗೆ ಅಂಟಿಸಿದರೆ ಒಂದು ಕೊಳವೆ ಆಗುತ್ತದೆ. ಅದರ ಬಾಯಿಯ ಅಗಲ ಹೆಚ್ಚುಕಡಿಮೆ 3.2 ಸೆಂ.ಮೀ. ಆಟಿಕೆ ಪರೀಕ್ಷೆ ಮಾಡುವವರ ಹತ್ತಿರ ಇರುವ ಅಳತೆ ಕೊಳವೆಯ ಬಾಯಿ 31.7 ಮಿ.ಮೀ. ಚಿಕ್ಕ ಮಗುವಿನ ಬಾಯಿ, ಗಂಟಲನ್ನು ನೋಡಿಯೇ ಆ ಲೆಕ್ಕ ಹಾಕಿದ್ದಾರೆ.

ಆಟಿಕೆಯನ್ನಾಗಲಿ, ಅದರಿಂದ ಕಿತ್ತು ಬರಬಹುದಾದ ಯಾವ ತುಂಡನ್ನಾಗಲಿ ಈ ಕೊಳವೆಯೊಳಗೆ ಬಿಡಿ. ಹೇಗೇ ತಿರುಗಿಸಿದರೂ ಸರಿ, ಒಂದು ಸಲ ಪೂರ್ತಿ ಒಳಗೆ ಇಳಿಯಿತೋ, ಅದು ಮೂರು ವರ್ಷದೊಳಗಿನ ಮಗುವಿಗೆ ಬೇಡ. ಹುಣಸೆ ಬೀಜ, ಗೋಲಿ, ಅಳಗುಳಿ ಮಣೆಯ ಕಾಳು, ಅಂಟುವಾಳದ ಕಾಯಿ ಎಲ್ಲವೂ ಇಲ್ಲಿ ಫೇಲ್.

ಚೆಂಡಿಗೆ ಈ ಕೊಳವೆ ಸಾಲದು. ಚೆಂಡು ಗಂಟಲಲ್ಲಿ ಕೂತರೆ ಬಿರಡೆ ಹಾಕಿದ ಹಾಗೆ ಮುಚ್ಚಿಬಿಡುತ್ತದೆ. ಅದಕ್ಕೆ ಒಂದು ದಾರ ತೆಗೆದುಕೊಂಡು ಚೆಂಡಿನ ನಡುವಿಗೆ ಸುತ್ತಿ. ಸುತ್ತಳತೆ 14 ಸೆಂ.ಮೀ.ಗಿಂತ ಕಡಿಮೆ ಬಂದರೆ ಪಕ್ಕಕ್ಕಿಡಿ. ಬಟ್ಟೆ ಚೆಂಡು, ಮರದ ಚೆಂಡು ಎರಡಕ್ಕೂ ಇದೇ ಲೆಕ್ಕ.

ಎಳೆಯುವ ಆಟಿಕೆಗೆ ಕಟ್ಟಿರುವ ದಾರ ಒಂದು ಗೇಣು ಮೀರಬಾರದು. ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದದ ದಾರ ತೊಟ್ಟಿಲ ಹತ್ತಿರವಂತೂ ಇರಲೇಬಾರದು. ನಾವು ದೃಷ್ಟಿಗೆ ಅಂತ ಏನೇನೋ ಕಟ್ಟುತ್ತೇವೆ. ಅದನ್ನೂ ಒಂದು ಸಲ ನೋಡಿ.

ಅಳತೆ ಆದಮೇಲೆ ಎಳೆದು ನೋಡಿ. ಗಾಲಿ, ಕಿವಿ, ಬಾಲ, ಗುಂಡಿ, ಗೆಜ್ಜೆ, ಒಂದೊಂದನ್ನೂ ಬಟ್ಟೆ ಹಿಂಡುವಷ್ಟು ಬಲ ಹಾಕಿ ತಿರುಗಿಸಿ, ಎಳೆಯಿರಿ. ಅಂಗಡಿಯವರು "ಅಯ್ಯೋ ಅಕ್ಕ, ಮುರಿಯುತ್ತೆ" ಅಂದರೆ ಅದೇ ನಿಮ್ಮ ಉತ್ತರ. ಗಿಲಕಿ ಆದರೆ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನಿದೆ ಅಂತ ಕೇಳಿ. ಹೇಳಲು ಬರದಿದ್ದರೆ ತರಬೇಡಿ. ಒಳಗೆ ಏನೂ ತುಂಬದೆ, ಹಿಡಿಯ ಸುತ್ತ ಬಳೆಗಳು ಓಡಾಡಿ ಸದ್ದು ಮಾಡುವ ಗಿಲಕಿ ಸಿಗುತ್ತದೆ. ಏಳು ತಿಂಗಳ ಮಗುವಿಗೆ ಅದೇ ಚೆನ್ನ.

ಮರ ಅಂದರೆ ಯಾವ ಮರ

ಫೋನಿನಲ್ಲಿ "ಮರದ ಆಟಿಕೆ" ಅಂತ ಹುಡುಕಿದರೆ ರಾಶಿ ಬರುತ್ತದೆ. ಮಗಳು ತರಿಸಿದ ಅಕ್ಷರದ ಹಲಗೆ ಒಂದು ಬಂತು. ಚೆಂದವಾಗಿತ್ತು. ಅಂಚು ತಿರುಗಿಸಿ ನೋಡಿದೆ. ಒಂದೇ ಸಮ ಕಂದು ಬಣ್ಣ, ಗೆರೆ ಇಲ್ಲ, ಉಗುರಲ್ಲಿ ಗೀರಿದರೆ ರಟ್ಟಿನ ಹಾಗೆ ಎಳೆ ಎದ್ದಿತು. ಅದು ಎಂಡಿಎಫ್. ಮರದ ಹುಡಿಗೆ ಅಂಟು ಬೆರೆಸಿ ಒತ್ತಿದ್ದು. ಆ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಅನ್ನುವ ರಾಸಾಯನಿಕ ಇರುತ್ತದೆ. ಡಬ್ಬಿ ಬಿಚ್ಚಿದ ಕೂಡಲೇ ಮೂಗಿಗೆ, ಕಣ್ಣಿಗೆ ಚುರುಕು ಅನ್ನಿಸುವ ವಾಸನೆ ಅದೇ. ದೊಡ್ಡ ಮಕ್ಕಳು ಮುಟ್ಟಿ ಆಡುವುದಕ್ಕೆ ಒಳ್ಳೆಯ ಗುಣಮಟ್ಟದ್ದು ನಡೆಯಬಹುದು. ಚೀಪುವ ಮಗುವಿಗೆ ಬೇಡವೇ ಬೇಡ. ಜೊಲ್ಲಿಗೆ ನೆನೆದರೆ ಅಂಚು ಉಬ್ಬಿ ಪುಡಿಯಾಗುತ್ತದೆ.

ಅದಕ್ಕೇ ಅಂಚು ನೋಡಿ ಅಂತ ಹೇಳುವುದು. ನಿಜವಾದ ಮರದಲ್ಲಿ ಗೆರೆ ಇರುತ್ತದೆ, ಎರಡು ತುಂಡು ಒಂದೇ ಥರ ಇರುವುದಿಲ್ಲ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಆಮೇಲೆ ಕೈಬೆರಳಿಗಿಂತ ಕೆನ್ನೆಗೆ ಜಾಸ್ತಿ ಗೊತ್ತಾಗುತ್ತದೆ: ಆಟಿಕೆಯ ಮೈಯನ್ನೆಲ್ಲ ನಿಮ್ಮ ಕೆನ್ನೆಗೆ ಉಜ್ಜಿ. ಸಣ್ಣ ಸಿಬಿರು ಇದ್ದರೂ ತಗುಲುತ್ತದೆ. ಇಲ್ಲದಿದ್ದರೆ ಹಳೆಯ ನೈಲಾನ್ ಕಾಲುಚೀಲ ಕೈಗೆ ಹಾಕಿಕೊಂಡು ಸವರಿ, ಸಿಬಿರಿದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ.

ಚನ್ನಪಟ್ಟಣಕ್ಕೆ ಹೋದರೆ

ನಮಗೆ ಚನ್ನಪಟ್ಟಣ ಹತ್ತಿರ. ಬೊಂಬೆಗಳ ಊರಿನ ಪಕ್ಕದಲ್ಲಿದ್ದುಕೊಂಡು ಬೇರೆ ಕಡೆಯಿಂದ ತರಿಸುವುದು ನನಗೆ ಸರಿ ಅನ್ನಿಸುವುದಿಲ್ಲ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್ ರಸ್ತೆ ಬಂದಮೇಲೆ ಮೈಸೂರಿಗೆ ಹೋಗುವ ಕಾರುಗಳು ಊರ ಹೊರಗಿನಿಂದಲೇ ಹೋಗುತ್ತವೆ. ನೀವು ಹಳೇ ರಸ್ತೆಗೆ ಇಳಿಯಬೇಕು. ಇಳಿಯಿರಿ. ರೈಲೂ ಇದೆ.

ಒಂದು ದಿನ ಬಿಡುವು ಮಾಡಿಕೊಂಡು ಆಟಿಕೆ ಕೆಲಸ ಮಾಡುವವರ ಮನೆಗೇ ಹೋದೆ. ಮನೆಯ ಮುಂದಿನ ಕೋಣೆಯಲ್ಲಿ ಲೇತು, ಅಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರ. "ಏನ್ ಟೀಚರಮ್ಮ, ಮೊಮ್ಮಗಂಗಾ?" ಅಂದರು ಆ ಅಣ್ಣ. ಬಿಳಿ ಮರದ ಒಂದು ತುಂಡನ್ನು ಲೇತಿಗೆ ಸಿಕ್ಕಿಸಿದರು. ಅದು ಆಲೆ ಮರ. ಕೊಂಬೆ ಮುರಿದರೆ ಹಾಲು ಬರುತ್ತದೆ, ಒಣಗಿದ ಮೇಲೆ ದಂತದ ಹಾಗೆ ಬೆಳ್ಳಗೆ, ನುಣ್ಣಗೆ. ಮರ ಗಿರ್ರನೆ ತಿರುಗುತ್ತಿತ್ತು. ಉಳಿ ತಾಗಿಸಿದರೆ ಕಾಯಿ ತುರಿದ ಹಾಗೆ ಹೊಟ್ಟು ಹಾರಿ ಅವರ ತೊಡೆ ಮೇಲೆ ಬೀಳುತ್ತಿತ್ತು. ಆಕಾರ ಬಂದಮೇಲೆ ಸ್ಯಾಂಡ್ ಪೇಪರ್ ಹಿಡಿದರು. ಆಮೇಲೆ ಹಳದಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಕೊನೆಗೆ ಕೇದಗೆಯ ಒಣಗರಿ ಮಡಿಸಿ ಒತ್ತಿ ಹಿಡಿದರು. ನೋಡನೋಡುತ್ತಾ ಮಂಕಾಗಿದ್ದ ಹಳದಿ ಕನ್ನಡಿಯ ಹಾಗೆ ಹೊಳೆಯತೊಡಗಿತು. ಬ್ರಶ್ ಇಲ್ಲ, ಥಿನ್ನರ್ ವಾಸನೆ ಇಲ್ಲ. ಕೋಣೆಯಲ್ಲಿ ಬಿಸಿ ಅರಗಿನ ವಾಸನೆ ಮಾತ್ರ.

ಅರಗು ಅಂದರೆ ಮುತ್ತುಗ, ಬೋರೆಯಂಥ ಮರಗಳ ಕೊಂಬೆ ಮೇಲೆ ಒಂದು ಸಣ್ಣ ಹುಳು ಕಟ್ಟುವ ರಾಳ. ಅದನ್ನೇ ಶುದ್ಧ ಮಾಡಿ ಮಾತ್ರೆಗಳ ಮೇಲೂ ಮಿಠಾಯಿಗಳ ಮೇಲೂ ಹೊಳಪಿಗೆ ಹಾಕುತ್ತಾರೆ. ಹಳೆಯ ಪದ್ಧತಿಯಲ್ಲಿ ಅರಗಿಗೆ ಅರಿಶಿನ ಬೆರೆಸಿದರೆ ಹಳದಿ, ನೀಲಿ ಗಿಡದ ಬಣ್ಣದಿಂದ ನೀಲಿ, ಎರಡೂ ಸೇರಿದರೆ ಹಸಿರು, ಕಾಚಿನಿಂದ ಕಂದು.

ಆ ಲೇತಿನ ಮುಂದೆ ಕೂತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ಅರಗು ಹಚ್ಚಬೇಕಾದರೆ ಮರ ತಿರುಗಲೇಬೇಕು. ಅಂದರೆ ಲೇತಿನಲ್ಲಿ ತಿರುಗಿದ ಗುಂಡನೆಯ ತುಂಡಿಗೆ ಮಾತ್ರ ಹೀಗೆ ಅರಗಿನ ಹೊಳಪು ಬರುತ್ತದೆ. ಬಳೆ, ಗಿಲಕಿ, ಬುಗುರಿ, ಗಾಲಿ, ಒಂದರೊಳಗೊಂದು ಕೂರುವ ಬೊಂಬೆ, ಇವೆಲ್ಲ ಸರಿ. ಚಪ್ಪಟೆ ಹಲಗೆಯಲ್ಲಿ ಕತ್ತರಿಸಿದ ಆನೆ, ಜೋಡಿಸುವ ಚಿತ್ರದ ತುಂಡು, ಬಸ್ಸಿನ ಮೈ, ಇವುಗಳ ಮೇಲೆ ಬಣ್ಣ ಇದ್ದರೆ ಅದು ಬ್ರಶ್ಶಿನದೋ ಸ್ಪ್ರೇಯದೋ ಆಗಿರುತ್ತದೆ. ಬೊಂಬೆಯ ಕಣ್ಣು, ಮೂಗು ಕೂಡ ಬ್ರಶ್ಶಿನದೇ. ಆ ಬಣ್ಣ ಯಾವುದು ಅಂತ ಬೇರೆಯಾಗಿ ಕೇಳಿ. ಹಲ್ಲು ಬರುವ ಮಗುವಿಗೆ ಮುಖ ಬರೆಯದ ಸಾದಾ ಬಳೆ ಸಾಕು ಅಂತ ನಾನು ತೀರ್ಮಾನ ಮಾಡಿದ್ದು ಇದಕ್ಕೇ.

ಅರಗಿನಲ್ಲಿ ಬೆರೆಸಿದ ಬಣ್ಣವನ್ನೂ ಕೇಳಬೇಕು. ಎಲ್ಲರೂ ಗಿಡಮೂಲದ ಬಣ್ಣವನ್ನೇ ಹಾಕುವುದಿಲ್ಲ. ಕಣ್ಣು ಕೋರೈಸುವ ಗುಲಾಬಿ, ರೇಡಿಯಂ ಹಸಿರು ಇವು ಅರಿಶಿನ, ಕಾಚಿನಿಂದ ಬರುವಂಥವಲ್ಲ. "ಅಣ್ಣ, ಬಾಯಿಗೆ ಹಾಕೋ ಮಗು, ಅದಕ್ಕೆ ತಕ್ಕದ್ದು ಕೊಡಿ" ಅಂತ ನೇರವಾಗಿ ಹೇಳಿ. ಕೆಲಸ ಮಾಡುವವರೇ ಆದರೆ ಯಾವುದು ಶೋಕೇಸಿಗೆ, ಯಾವುದು ಬಾಯಿಗೆ ಅಂತ ತೆಗೆದು ತೋರಿಸುತ್ತಾರೆ. ನನಗೆ ಹಾಗೇ ತೋರಿಸಿದರು. ಇನ್ನೊಂದು, ಒದ್ದೆ ಬಿಳಿ ಬಟ್ಟೆಯಿಂದ ಒಂದು ನಿಮಿಷ ಬಲವಾಗಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ವಾಪಸ್ ಕೊಡಿ.

ಅಂಗಡಿ ಬೋರ್ಡಿನ ಮೇಲೆ ಚನ್ನಪಟ್ಟಣ ಅಂತ ಇದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಅಲ್ಲಿಯದೇ ಅಲ್ಲ. ಪಕ್ಕದಲ್ಲೇ ಬೇರೆ ಕಡೆಯ ಪ್ಲಾಸ್ಟಿಕ್ಕೂ ತೂಗುತ್ತಿರುತ್ತದೆ. ಅಷ್ಟು ದೂರ ಹೋಗಲಾಗದವರಿಗೆ ಸರ್ಕಾರದ ಕಾವೇರಿ ಎಂಪೋರಿಯಂ ಇದೆ.

ಐಎಸ್ಐ ಗುರುತಿನ ವಿಷಯ ಎಲ್ಲರೂ ಕೇಳುತ್ತಾರೆ. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ನೋಂದಣಿ ಆದ ಕುಶಲಕರ್ಮಿಗಳು ಮಾಡಿದ್ದಕ್ಕೆ, ಚನ್ನಪಟ್ಟಣದಂಥ ಜಿಐ ಟ್ಯಾಗ್ (ಇಂಥ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಇರುವ ಆಟಿಕೆಗೆ ವಿನಾಯಿತಿ ಉಂಟು. ಹಾಗಾಗಿ ಕೈಕೆಲಸದ ಆಟಿಕೆಯಲ್ಲಿ ಗುರುತು ಕಾಣದಿದ್ದರೆ ಗಾಬರಿ ಬೇಡ. ಆದರೆ ಫ್ಯಾಕ್ಟರಿ ಡಬ್ಬಿಯಲ್ಲಿ ಬಂದ ಆಟಿಕೆಯ ಮೇಲೆ, ಅದು ಮರದ್ದೇ ಇರಲಿ ಪ್ಲಾಸ್ಟಿಕ್ಕಿನದೇ ಇರಲಿ, ಆ ಗುರುತು ಮತ್ತು ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಬಿಐಎಸ್ ಕೇರ್ ಅನ್ನುವ ಆ್ಯಪಿನಲ್ಲಿ ನಂಬರ್ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಪಟ್ಟದ ಗೊಂಬೆ, ಕಿನ್ನಾಳದ ಗೊಂಬೆ, ಕೊಂಡಪಲ್ಲಿಯ ಗೊಂಬೆ ಇವೆಲ್ಲ ನೋಡುವುದಕ್ಕೆ, ದಸರಾದಲ್ಲಿ ಕೂರಿಸುವುದಕ್ಕೆ. ಮೈತುಂಬ ಬಣ್ಣ ಬಳಿದಿರುತ್ತಾರೆ. ಮಗುವಿಗೆ ತೋರಿಸಿ ಕಥೆ ಹೇಳಿ, ಕೈಗೆ ಕೊಡಬೇಡಿ.

ಮನೆಯಲ್ಲೇ ಇರುವುದು

ಅಂಗನವಾಡಿಯಲ್ಲಿ ನಾನು ಕಂಡಿದ್ದು ಹೇಳುತ್ತೇನೆ. ಗುಂಡಿ ಒತ್ತಿದರೆ ಹಾಡುವ ಪ್ಲಾಸ್ಟಿಕ್ ಗಿಣಿಯೊಂದನ್ನು ಯಾರೋ ಕೊಟ್ಟಿದ್ದರು. ಮೊದಲ ದಿನ ಅದಕ್ಕೆ ಜಗಳ. ಮೂರನೇ ದಿನ ಮೂಲೆಯಲ್ಲಿ. ಗುಂಡಿ ಒತ್ತುವುದು ಬಿಟ್ಟು ಅದರಲ್ಲಿ ಮಾಡಲು ಬೇರೇನೂ ಇರಲಿಲ್ಲ. ಅದೇ ಹೊತ್ತಿಗೆ ನಮ್ಮ ಸಹಾಯಕಿ ಮನೆಯಿಂದ ತಂದ ಹಳೇ ಸೇರು, ಪಾವು, ಚಟಾಕು ಇವೆಯಲ್ಲ, ಅವು ಆರು ವರ್ಷದಿಂದ ಒಂದು ದಿನವೂ ಸುಮ್ಮನೆ ಕೂತಿಲ್ಲ. ಬೆಳಿಗ್ಗೆ ಮರಳು ಅಳೆಯುತ್ತವೆ, ಮಧ್ಯಾಹ್ನ ರೈಲಾಗುತ್ತವೆ, ಮಳೆ ಬಂದರೆ ತಮಟೆ ಆಗುತ್ತವೆ. ಒಬ್ಬ ಹುಡುಗ ಪಾವನ್ನು ಕಿವಿಗಿಟ್ಟು ಅವರ ತಾತನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ, ಕಬ್ಬಿನ ರೇಟು ಕೇಳುತ್ತಿದ್ದ. ಏನೂ ಅಲ್ಲದ ವಸ್ತು ಮಗುವಿನ ಕೈಯಲ್ಲಿ ಎಲ್ಲವೂ ಆಗುತ್ತದೆ. ನಾನು ಸಹಜ ಆಟಿಕೆ ಕೊಡಿ ಅನ್ನುವುದಕ್ಕೆ ಬಾಯಿಯ ವಿಷಯ ಒಂದು ಕಾರಣ. ಇದು ಇನ್ನೊಂದು.

ತೆಂಗಿನ ಕರಟ ತೆಗೆದುಕೊಳ್ಳಿ. ಹೊರಗಿನ ನಾರು ಚಾಕುವಿನಿಂದ ಹೆರೆದು, 120 ನಂಬರಿನ ಸ್ಯಾಂಡ್ ಪೇಪರಿನಲ್ಲಿ, ಆಮೇಲೆ 220ರಲ್ಲಿ ಉಜ್ಜಿ. ಬಾಯಿಯ ಅಂಚನ್ನು ಜಾಸ್ತಿ ಹೊತ್ತು ಉಜ್ಜಬೇಕು. ತೊಳೆದು ಒಣಗಿಸಿ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಒಂದೂವರೆ ವರ್ಷದ ಮಗುವಿಗೆ ಬಟ್ಟಲು, ತಾಳ, ಆಮೆ ಎಲ್ಲ ಅದೇ.

ಬಟ್ಟೆ ಚೆಂಡಿಗೆ ಹಳೆಯ ಕಾಟನ್ ಸೀರೆ ಅಥವಾ ಪಂಚೆ ಒಳ್ಳೆಯದು. ಎಷ್ಟೋ ಸಲ ಒಗೆದು ಮೆತ್ತಗಾಗಿರುತ್ತದೆ, ಬಿಡುವ ಬಣ್ಣವೆಲ್ಲ ಆಗಲೇ ಬಿಟ್ಟಿರುತ್ತದೆ. ಒಳಗೆ ಬೂರುಗದ ಹತ್ತಿ ತುಂಬಬೇಡಿ, ಹೊಲಿಗೆ ಬಿಟ್ಟರೆ ಆ ನಯವಾದ ಎಳೆ ಮೂಗಿಗೆ ಹೋಗುತ್ತದೆ. ಅದೇ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಉಂಡೆ ಸುತ್ತಿ, ಮೇಲೆ ಎರಡು ಪದರ ಬಟ್ಟೆ ಹಾಕಿ ಒತ್ತೊತ್ತಾಗಿ ಹೊಲಿಯಿರಿ. ಬೊಂಬೆ ಮಾಡಿದರೆ ಕಣ್ಣಿಗೆ ಗುಂಡಿ, ಮಣಿ ಹಾಕದೆ ದಾರದಲ್ಲೇ ಹೊಲಿಯಿರಿ. ಒಂದು ವರ್ಷ ತುಂಬುವ ತನಕ ಮಗು ಮಲಗುವ ಜಾಗದಲ್ಲಿ ಬಟ್ಟೆ ಬೊಂಬೆ, ದಿಂಬಿನಂಥ ಮೆತ್ತನೆಯದು ಯಾವುದನ್ನೂ ಇಡಬೇಡಿ. ಎಚ್ಚರ ಇದ್ದಾಗ, ನೀವು ಪಕ್ಕದಲ್ಲಿದ್ದಾಗ ಮಾತ್ರ.

ತೆಂಗಿನ ಗರಿಯ ಪೀಪಿ, ಹಾವು, ಗಿರಗಟ್ಟಲೆ ಇವು ಮಾಡಿ ಆಡಿ ಸಂಜೆಗೆ ಎಸೆಯುವಂಥವು. ಅಡಿಕೆ ಹಾಳೆಯ ಮೇಲೆ ಕೂರಿಸಿ ಅಂಗಳದಲ್ಲಿ ಎಳೆಯಿರಿ, ಮೂರು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಗಾಡಿ ಬೇಕಿಲ್ಲ. ಉತ್ತರ ಕರ್ನಾಟಕದವರು ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಹಾಗೆ ಮಣ್ಣಿನಲ್ಲಿ ಎತ್ತು ಮಾಡಿಸಿ. ಗಣಪತಿ ಹಬ್ಬದಲ್ಲಿ ಉಳಿದ ಜೇಡಿಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಬರುತ್ತದೆ. ಮಣ್ಣು ತಿನ್ನುವ ವಯಸ್ಸು ದಾಟಿರಬೇಕು, ಅಷ್ಟೇ.

ಅಟ್ಟದ ಮೇಲಿನ ಹಳೇ ಬಣ್ಣದ ಕುದುರೆ, ತಾತನ ಕಾಲದ ತೊಟ್ಟಿಲ ಗಿಣಿ, ಇವನ್ನು ಕೊಡುವಾಗ ಯೋಚಿಸಿ. ಹಿಂದೆ ಪೇಂಟಿನಲ್ಲಿ ಸೀಸ ಧಾರಾಳವಾಗಿ ಇರುತ್ತಿತ್ತು, ಹಳದಿ ಮತ್ತು ಕೆಂಪಿನಲ್ಲಂತೂ ಜಾಸ್ತಿ. ನಮ್ಮ ದೇಶದಲ್ಲಿ ಮನೆಗೆ ಹಚ್ಚುವ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಅಂತ ಮಿತಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಿಂದ. ಸೀಸ ಮಗುವಿನ ಮಿದುಳಿಗೆ ಕೆಟ್ಟದ್ದು, ಇಷ್ಟು ಹೋದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ. ಅಂಥದ್ದನ್ನು ಗೋಡೆಗೆ ಸಿಕ್ಕಿಸಿ. ಕೆರೆದು ಹೊಸ ಬಣ್ಣ ಹಚ್ಚಲು ಹೋಗಬೇಡಿ, ಆ ಪುಡಿ ಇನ್ನೂ ಕೆಟ್ಟದ್ದು.

ಮನೆಯಲ್ಲಿ ಆಗಲೇ ಇರುವ ಪ್ಲಾಸ್ಟಿಕ್

ಎಲ್ಲವನ್ನೂ ಒಂದೇ ದಿನ ಎಸೆಯಬೇಕಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ, ಐಎಸ್ಐ ಇರುವ, ಬಿರುಕು ಬಿಡದ ಬ್ಲಾಕುಗಳು ಇರಲಿ. ಸ್ನಾನದ ಚೊಂಬು ಇರಲಿ. ಮೊದಲು ಹೊರಗೆ ಹೋಗಬೇಕಾದ್ದು ಮೆತ್ತಗೆ, ಅಂಟಂಟಾಗಿ, ಹೊಸ ರೇನ್‌ಕೋಟಿನ ಹಾಗೆ ವಾಸನೆ ಬರುವಂಥದ್ದು. ಅದು ಹೆಚ್ಚಾಗಿ ಪಿವಿಸಿ. ಅದನ್ನು ಮೆತ್ತಗೆ ಮಾಡಲು ಥಾಲೇಟ್ ಅನ್ನುವ ರಾಸಾಯನಿಕ ಬೆರೆಸುತ್ತಾರೆ, ಚೀಪಿದರೆ ಅದು ಜೊಲ್ಲಿನ ಜೊತೆ ಬರುತ್ತದೆ. ಒತ್ತಿದರೆ ಕೀಂ ಅನ್ನುವ ಬಾತುಕೋಳಿಯನ್ನು ಒಂದು ಸಲ ಕತ್ತರಿಸಿ ನೋಡಿ. ನಾನು ನೋಡಿದೆ, ಒಳಗೆ ಕಪ್ಪಗೆ ಬೂಷ್ಟು ಕಟ್ಟಿತ್ತು.

ಆಮೇಲೆ ಬ್ಯಾಟರಿ. ಮುಚ್ಚಳಕ್ಕೆ ಸ್ಕ್ರೂ ಇಲ್ಲದ, ಗುಂಡಿ ಬ್ಯಾಟರಿ ಇರುವ ಯಾವುದೂ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಲು ಶುರುವಾಗುತ್ತದೆ. ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಓಡಿ, ವಾಂತಿ ಮಾಡಿಸಲು ಹೋಗಬೇಡಿ.

ನೆಂಟರಿಗೆ ಹೇಗೆ ಹೇಳುವುದು? ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ ಬರುವವರು ಪ್ರೀತಿಯಿಂದ ತರುತ್ತಾರೆ, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲಾಗದು. ಮಗಳು ಮೊದಲೇ ಫೋನ್ ಮಾಡಿ, "ಅತ್ತೆ, ಇವನಿಗೆ ನಿಮ್ಮ ಹಳೇ ಕಾಟನ್ ಸೀರೆ ಒಂದು ಕೊಡಿ, ಬೊಂಬೆ ಮಾಡ್ತೀವಿ" ಅಂದಳು. ಅತ್ತೆ ಎರಡು ಸೀರೆ ತಂದರು. ಬೇಡದ್ದು ಹೇಳುವುದಕ್ಕಿಂತ ಬೇಕಾದ್ದು ಹೇಳಿದರೆ ಕೆಲಸ ಆಗುತ್ತದೆ.

ಎಷ್ಟು ಬೇಕು, ಯಾವಾಗ

ಕಡಿಮೆ ಸಾಕು. ನಾಲ್ಕೈದು ತಿಂಗಳಿಗೆ ಒಂದು ಬಳೆ, ಒಂದು ಗಿಲಕಿ. ಕೂರಲು ಕಲಿತಮೇಲೆ ಬಟ್ಟೆ ಚೆಂಡು, ಕೋಲಿಗೆ ಹಾಕುವ ಬಳೆಗಳ ಸೆಟ್ಟು. ನಿಲ್ಲಲು ಶುರು ಮಾಡಿದರೆ ಮೂರು ಗಾಲಿಯ ಮರದ ತಳ್ಳುಗಾಡಿ. ಗಾಡಿ ಹಗುರ ಇದ್ದರೆ ಮುಂದಕ್ಕೆ ಓಡಿ ಮಗು ಮುಗ್ಗರಿಸುತ್ತದೆ, ಮೊದಲು ಒಂದು ಸೇರು ರಾಗಿ ಚೀಲ ಕಟ್ಟಿ ಭಾರ ಮಾಡಿ. ಎರಡಕ್ಕೆ ಒಂದರೊಳಗೊಂದು ಕೂರುವ ಬಟ್ಟಲು. ಚನ್ನಪಟ್ಟಣದ ಪುಟ್ಟ ಅಡುಗೆ ಸಾಮಾನು ಎಷ್ಟು ಮುದ್ದಾಗಿದ್ದರೂ ಅದರ ಲೋಟ, ಸೌಟು ಕಾಗದದ ಕೊಳವೆಯಲ್ಲಿ ಇಳಿದುಬಿಡುತ್ತವೆ. ಮೂರು ದಾಟಲಿ. ಬುಗುರಿ, ಪೋಣಿಸುವ ಮಣಿಗಳೂ ಆಮೇಲೇ.

ಜೋಪಾನ ಮಾಡುವುದು

ಅರಗಿನ ಆಟಿಕೆಯನ್ನು ಸ್ಯಾನಿಟೈಸರಿನಲ್ಲಿ ಒರೆಸಬೇಡಿ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಮಗಳು ಒಂದು ಸಲ ಒರೆಸಿ, ಹೊಳಪೆಲ್ಲ ಹೋಗಿ ಅಂಟಂಟಾಗಿತ್ತು. ಬಿಸಿನೀರಲ್ಲಿ ಕುದಿಸುವುದು, ನೆನೆಹಾಕುವುದು, ಬಿಸಿಲಿಗೆ ಇಡುವುದು ಮೂರೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಇಡಿ. ತೀರಾ ಕೊಳೆ ಆದರೆ ಒಂದು ಹನಿ ಸೋಪು. ಅರಿಶಿನದ ಹಳದಿ ವರ್ಷ ಕಳೆದಂತೆ ಮಂಕಾಗುತ್ತದೆ, ಅದು ದೋಷ ಅಲ್ಲ.

ಬಣ್ಣ ಇಲ್ಲದ ಸಾದಾ ಮರಕ್ಕೆ ಎರಡು ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಒರೆಸಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನ ಕಡೆಯವರು, ಆಟಿಕೆಯನ್ನು ಮುಚ್ಚಿದ ಡಬ್ಬಿಯಲ್ಲಿ ಇಡಬೇಡಿ, ಬೂಷ್ಟು ಬರುತ್ತದೆ. ಬಿದಿರಿನ ಬುಟ್ಟಿ ಸರಿ. ಬುಟ್ಟಿಯ ತಳದಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಯಾವುದೋ ಮರಕ್ಕೆ ಹುಳ ಬಿದ್ದಿದೆ ಅಂತ ಅರ್ಥ, ಅದನ್ನು ಹುಡುಕಿ ತೆಗೆಯಿರಿ. ತಿಂಗಳಿಗೊಮ್ಮೆ ಎಲ್ಲವನ್ನೂ ನೆಲಕ್ಕೆ ಸುರಿದು ಮತ್ತೆ ಎಳೆದು, ತಿರುಗಿಸಿ, ಕೆನ್ನೆಗೆ ಉಜ್ಜಿ ನೋಡುತ್ತೇನೆ. ನಾನು ಅಮಾವಾಸ್ಯೆ ದಿನ ಅಂತ ಇಟ್ಟುಕೊಂಡಿದ್ದೇನೆ, ಮರೆಯುವುದಿಲ್ಲ.

ಆ ಅಣ್ಣ ಮಾಡಿಕೊಟ್ಟ ಹಳದಿ ಬಳೆ ಈಗ ಎರಡು ವರ್ಷ ಹಳೆಯದು. ಅದರ ಮೇಲೆ ಮೊಮ್ಮಗನ ಮೊದಲ ಎರಡು ಹಲ್ಲಿನ ಗುರುತು ಪಕ್ಕಪಕ್ಕದಲ್ಲಿ ಇದೆ. ಈಗ ಅದು ಅವನ ಬಸ್ಸಿನ ಸ್ಟೇರಿಂಗು. ನಿನ್ನೆ ಮದ್ದೂರಿಗೆ ಟಿಕೆಟ್ ಕೊಟ್ಟು ನನ್ನನ್ನು ಹತ್ತಿಸಿಕೊಂಡ.